ಜಾರಲು ಹೊರಟಿದ್ದ ಅತ್ತೆ

ನನ್ನ ಸೋದರತ್ತೆಯ ಬಲಗೈ ಹೆಬ್ಬೆರಳಿಗೆ ಗೆರೆಗಳೇ ಇರಲಿಲ್ಲ. ಮೂವತ್ತು ವರ್ಷ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ, ದಾರ ಎಳೆದೆಳೆದು, ಬೆಂದ ಸೊಪ್ಪನ್ನು ಬಣ್ಣ ನೋಡಿ ವಿಂಗಡಿಸಿ ಅದು ಹೊಳೆಗಲ್ಲಿನ ಹಾಗೆ ನುಣ್ಣಗಾಗಿತ್ತು. ಉಗುರಿನ ಸುತ್ತ ಮಾತ್ರ ಸೊಪ್ಪಿನ ಅಂಟಿನ ಕಪ್ಪು, ಯಾವ ಸೋಪಿಗೂ ಬಗ್ಗದ್ದು. ಮೈಸೂರಿನ ಪಾಸ್‌ಪೋರ್ಟ್ ಕಚೇರಿಯಲ್ಲಿ ಆ ಬೆರಳನ್ನು ಯಂತ್ರದ ಮೇಲೆ ಐದು ಸಲ ಒತ್ತಿಸಿದರು. ಐದು ಸಲವೂ ಯಂತ್ರ ಒಪ್ಪಲಿಲ್ಲ. ಅತ್ತೆ ಎದುರಿನ ಹುಡುಗಿಯನ್ನು ಮೆಲ್ಲಗೆ ಕೇಳಿದಳು: "ಕಾಲ್ ಬೆಳ್ಳಾದ್ರೆ ಆಯ್ತದಾ ನೋಡವ್ವ. ಅದ್ರಲ್ಲಿ ಇನ್ನೂ ಒಸಿ ಗೆರೆ ಅವೆ." ಆರನೇ ಸಲ ಎಡಗೈಯ ಕಿರುಬೆರಳು ಅವಳ ಮಾನ ಉಳಿಸಿತು.

ಈಗಲೇ ಒಪ್ಪಿಕೊಂಡುಬಿಡುತ್ತೇನೆ, ಓದುವವರು ಕೊನೆಯವರೆಗೂ ನನ್ನನ್ನು ಒಳ್ಳೆಯವನೆಂದು ನಂಬಿಕೊಂಡು ಬರುವುದು ಬೇಡ. ಅತ್ತೆ ನನ್ನನ್ನು ಮಾವನ ಹತ್ತಿರ ಒಂದು ಮಾತು ಕೇಳಿಕೊಂಡು ಬಾ ಎಂದು ಕಳಿಸಿದ್ದಳು. ಮನೆಯವರೆಲ್ಲ ಯುರೋಪಿಗೆ ಹೋಗಿ ಬರೋಣವಾ, ಇಷ್ಟೇ ಮಾತು. ನಾನು ಹೋದೆ. ಕೇಳಲಿಲ್ಲ. ಮಜ್ಜಿಗೆ ಕುಡಿದು ವಾಪಸ್ಸು ಬಂದೆ. ಬಂದವನು ಜಗಲಿಯ ಮೇಲೆ ನಿಂತು ಮಾವನ ದನಿಯಲ್ಲಿ ಉತ್ತರ ಹೇಳಿದೆ.

ನನ್ನ ಪರಿಚಯ ಹೆಚ್ಚು ಬೇಕಿಲ್ಲ. ಹುಣಸೂರು ಬಸ್ ಸ್ಟ್ಯಾಂಡಿನ ಹಿಂದೆ ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಪಹಣಿ, ಜಾತಿ ಪ್ರಮಾಣಪತ್ರ, ಪಾಸ್‌ಪೋರ್ಟ್ ಅರ್ಜಿ, ಎಲ್ಲ ತುಂಬಿಕೊಡುತ್ತೇನೆ. ಸಂಜೆ ಮದುವೆಮನೆಗಳ ಆರ್ಕೆಸ್ಟ್ರಾದಲ್ಲಿ ಮಿಮಿಕ್ರಿ. ಸೊಸೈಟಿ ಸೆಕ್ರೆಟರಿಯ ಸೀನು, ಹೊಗೆಸೊಪ್ಪು ಹರಾಜಿನಲ್ಲಿ ಕೂಗುವವರ ಓಟದ ದನಿ, ನಮ್ಮಪ್ಪ ಮಂಡಿ ಹಿಡಿದುಕೊಂಡು ಏಳುವಾಗ ಬರುವ "ಅಮ್ಮಾ ತಾಯೇ", ಎಲ್ಲವೂ ನನ್ನ ಗಂಟಲಲ್ಲಿವೆ. ಓದು ಹತ್ತಲಿಲ್ಲ. ಎಸ್ಸೆಸ್ಸೆಲ್ಸಿ ಗಣಿತವನ್ನು ಎರಡು ಸಲ ಬರೆದು ಫೇಲಾದೆ; ಮೂರನೇ ಸಲ ಅದಕ್ಕೇ ಬೇಜಾರಾಗಿ ನನ್ನನ್ನು ಪಾಸು ಮಾಡಿತು.

ನಮ್ಮೂರು ಹಾರನಹಳ್ಳಿ ಕಡೆ. ಅತ್ತೆಯ ಮನೆ ಗುರುಪುರದ ಹತ್ತಿರದ ಹಳ್ಳಿ. ರಜೆ ಬಂದರೆ ಅಲ್ಲಿಗೆ ಓಡುತ್ತಿದ್ದೆ. ಹೈಸ್ಕೂಲಿನಲ್ಲಿ ಹೆಡ್ ಮೇಷ್ಟರ ಕುಂಟು ನಡಿಗೆಯನ್ನು ಆಡಿ ತೋರಿಸಿ ಬಾಸುಂಡೆ ಬರುವ ಹಾಗೆ ಏಟು ತಿಂದೆ. ಆ ಸಲದ ರಜೆಯಲ್ಲಿ ಅತ್ತೆ ಬೆನ್ನಿಗೆ ಹರಳೆಣ್ಣೆ ಹಚ್ಚುತ್ತಾ, "ಎಲ್ಲಿ, ನಂಗೂ ಒಂದ್ಸಲ ಆಡಿ ತೋರ್ಸ್ಲಾ," ಎಂದಳು. ಆಡಿದೆ. ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಕಾಲ ಚೆಂದಾಗಿ ಆಡ್ದೆ. ನೋವ ಆಡ್ಲಿಲ್ಲ ಕಣ್ಲಾ. ಆವಯ್ಯ ನೋವಿಗಲ್ವಾ ಕುಂಟೋದು," ಎಂದಳು. ನನ್ನ ಕಲೆಯ ಬಗ್ಗೆ ಇವತ್ತಿಗೂ ಇದಕ್ಕಿಂತ ಸರಿಯಾದ ಮಾತನ್ನು ಯಾರೂ ಆಡಿಲ್ಲ.

ಅವಳು ಸೀರೆಯ ಮೇಲೆ ಮಾವನ ಹಳೆಯ ಅಂಗಿ ತೊಟ್ಟು, ಮೊಪೆಡ್ಡಿನ ಹಿಂದೆ ಹಾಲಿನ ಕ್ಯಾನು ಕಟ್ಟಿಕೊಂಡು ದಿನಾ ಬೆಳಿಗ್ಗೆ ಟಿಬೆಟನ್ ಕ್ಯಾಂಪಿಗೆ ಹೋಗುತ್ತಿದ್ದಳು. ಅಲ್ಲಿ ಒಬ್ಬಳು ಅಜ್ಜಿಯ ಮನೆಗೆ ಹಾಲು ಹಾಕಿದ ಮೇಲೆ ಅರ್ಧ ಗಂಟೆ ಕೂರುವುದು ಅವಳ ಪದ್ಧತಿ. ಆ ಅಜ್ಜಿ ಎಂಟು ವರ್ಷದ ಹುಡುಗಿಯಾಗಿದ್ದಾಗ ಹಿಮ ದಾಟಿ ಬಂದವಳು. ಎಡಗಾಲಿನ ಎರಡು ಬೆರಳುಗಳನ್ನು ಅಲ್ಲೇ ಬಿಟ್ಟು ಬಂದವಳು. ಅತ್ತೆಗೆ ಹಿಮದ ವಿಷಯ ಗೊತ್ತಿದ್ದದ್ದೆಲ್ಲ ಆ ಅಜ್ಜಿಯ ಬಾಯಿಂದ: ಅದು ಬೀಳುವಾಗ ಸದ್ದಾಗುವುದಿಲ್ಲ, ತುಳಿದರೆ ಅವಲಕ್ಕಿ ತುಳಿದ ಹಾಗೆ ಸದ್ದಾಗುತ್ತದೆ, ಬಹಳ ಹೊತ್ತು ನೋಡಿದರೆ ಕಣ್ಣು ಉರಿಯುತ್ತದೆ. ಇಪ್ಪತ್ತು ವರ್ಷ ಕೇಳಿಸಿಕೊಂಡ ಮೇಲೆ ಅತ್ತೆ ಒಂದು ದಿನ ನನ್ನ ಅಂಗಡಿಗೆ ಬಂದು, "ಕಂಡೋರ್ ಕಣ್ಣಲ್ಲಿ ಎಷ್ಟು ದಿವ್ಸ ನೋಡೋದ್ಲಾ," ಎಂದಳು.

ಆ ವರ್ಷ ಶುಂಠಿಗೆ ಒಳ್ಳೆಯ ಬೆಲೆ ಬಂದಿತ್ತು. ಪಿರಿಯಾಪಟ್ಟಣದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ ಅತ್ತೆಯ ಒಬ್ಬಳೇ ಮಗಳು ಮೈಸೂರಿನ ಟೂರಿನವರ ಒಂದು ಬಣ್ಣದ ಪುಸ್ತಿಕೆ ತಂದಿದ್ದಳು. ಅತ್ತೆ, ಮಾವ, ಮಗಳು, ಮತ್ತು ಸಾಮಾನು ಹೊರಲು ನಾನು. ನಮ್ಮ ವಂಶದಲ್ಲಿ ಸಮುದ್ರ ದಾಟುವ ಮೊದಲ ನಾಲ್ಕು ಜನ. ಫೆಬ್ರವರಿಯಲ್ಲಿ ಹೋಗುವುದು, ಅಷ್ಟೊತ್ತಿಗೆ ಸೊಪ್ಪು ಮಾರಿ ಮುಗಿದಿರುತ್ತದೆ, ಮುಂದಿನ ಸಸಿಮಡಿಯ ಕೆಲಸ ಇನ್ನೂ ಜೋರಾಗಿರುವುದಿಲ್ಲ. ಹತ್ತು ದಿನದ ಪ್ರವಾಸ. ಆರನೇ ದಿನದ ಕೆಳಗೆ ಸಣ್ಣ ಅಕ್ಷರದಲ್ಲಿ ಹೀಗಿತ್ತು: ಆಲ್ಪ್ಸ್ ಪರ್ವತ, ಆಸಕ್ತರಿಗೆ ಸ್ಕೀಯಿಂಗ್ ಪಾಠ.

"ಇದೇನವ್ವ ಆಸಕ್ತರಿಗೆ ಅಂತ?" ಎಂದಳು ಅತ್ತೆ.

"ಕಾಲಿಗೆ ಎರಡು ಹಲಗೆ ಕಟ್ಕೊಂಡು ಐಸ್ ಮೇಲೆ ಜಾರೋದಮ್ಮ. ವಯಸ್ಸಾದೋರಿಗಲ್ಲ ಅದು," ಎಂದಳು ಮಗಳು.

"ವಯಸ್ಸಾದೋರ್ಗಲ್ಲ ಅಂತ ಎಲ್ಲಿ ಬರ್ದವ್ರೆ? ಆಸಕ್ತರಿಗೆ ಅಂತ ಬರ್ದವ್ರೆ. ನಾನು ಆಸಕ್ತಳು."

ನಾನು ಅಲ್ಲೇ ಬೆಟ್ಟದಿಂದ ಉರುಳಿ ಬೀಳುವ ಅತ್ತೆಯನ್ನೂ, ಮೇಲಿಂದ "ನಮ್ಮ ಕಂಪನಿ ಜವಾಬ್ದಾರಿಯಲ್ಲ ಮೇಡಂ" ಎನ್ನುವ ಟೂರಿನವನನ್ನೂ ಆಡಿದೆ. ಅತ್ತೆ ಪೊರಕೆ ಎಸೆದಳು. ಹಿಮವೇ ಬೇಕಿದ್ದರೆ ಹಿಮಾಲಯಕ್ಕೆ ಹೋಗಬಹುದಲ್ಲ, ಹತ್ತಿರ, ಪಾಸ್‌ಪೋರ್ಟ್ ಬೇಡ ಎಂದು ನಾನೇ ಕೇಳಿದ್ದೆ. ಅವಳು, "ಆ ಐಸಲ್ಲಿ ಆವಮ್ಮ ಸತ್ತು ಬದುಕಿ ಬಂದವ್ಳೆ. ಅಲ್ಲಿಗೆ ನಾನು ಆಡಕ್ಕೆ ಓಗ್ಲಾ? ಬಂದು ಆವಮ್ಮನ್ ಮುಂದೆ ಏನಂತ ಏಳ್ಲಿ?" ಎಂದಳು. ಆಮೇಲೆ ನಾನು ಹಿಮಾಲಯದ ಮಾತು ಎತ್ತಲಿಲ್ಲ.

ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆವು. ವಿಚಾರಣೆಗೆಂದು ಪೊಲೀಸಿನವರು ಬಂದಾಗ ಅರ್ಧ ಊರು ಅತ್ತೆಯ ಬಾಗಿಲಲ್ಲಿ ಸೇರಿತು; ಯಾರ ಹೊಲದ ಬದು ಒತ್ತಿದಳೋ ಎಂದು ಮಾತಾಡಿಕೊಂಡರು. ಮಾವ ಅದನ್ನು ಆಧಾರಿನ ಥರದ್ದೇ ಇನ್ನೊಂದು ಕಾರ್ಡು ಎಂದುಕೊಂಡು ಸುಮ್ಮನಾದರು. ಅವರಿಗೆ ಪಾಸ್‌ಪೋರ್ಟ್ ಮೊದಲೇ ಇತ್ತು. ಎಂದೋ ಒಂದು ಬೆಳೆಗಾರರ ಪ್ರವಾಸಕ್ಕೆಂದು ಮಾಡಿಸಿ, ಪ್ರವಾಸ ನಿಂತು, ಕಬ್ಬಿಣದ ಪೆಟ್ಟಿಗೆಯಲ್ಲಿ ಮಲಗಿತ್ತು.

ಅತ್ತೆಯ ತಯಾರಿ ನೋಡಬೇಕಿತ್ತು. ಮಾವನಿಗೆ ಎರಡು ಹೊತ್ತು ಮುದ್ದೆ ಇಲ್ಲದಿದ್ದರೆ ಆಗುವುದಿಲ್ಲ. ಅಲ್ಲಿ ಮುದ್ದೆ ತಿರುವಲು ಒಲೆ ಎಲ್ಲಿ? ಅದಕ್ಕೆ ರಾಗಿ ಹುರಿಹಿಟ್ಟು. ಹೋಟೆಲಿನ ರೂಮಿನಲ್ಲಿ ನೀರು ಕಾಯಿಸುವ ಜಗ್ಗು ಇರುತ್ತದೆಂದು ಮಗಳ ಕೈಯಲ್ಲಿ ಫೋನು ಮಾಡಿಸಿ ಖಾತ್ರಿ ಮಾಡಿಕೊಂಡಳು. ಕ್ಯಾಂಪಿನ ಅಜ್ಜಿ ತನ್ನ ಕೈಯಾರೆ ಹೆಣೆದ ಉಣ್ಣೆಯ ಟೋಪಿಯನ್ನೂ ಕೈಗವಸನ್ನೂ ಕೊಟ್ಟಳು. ಮಗಳ ಹಳೆಯ ಮೊಬೈಲಿನಲ್ಲಿ ಸ್ಕೀ ಕಲಿಸುವ ವಿಡಿಯೋಗಳನ್ನು ಅತ್ತೆ ದನಿ ಮುಚ್ಚಿ ನೋಡುತ್ತಿದ್ದಳು. ಇಂಗ್ಲಿಷಿನವನ ಮಾತು ಅಡ್ಡ ಬರುತ್ತದಂತೆ. ಒಂದು ಭಾನುವಾರ ನಾನು ಹೋದಾಗ ಕಣದಲ್ಲಿ ಸೊಪ್ಪು ಕಟ್ಟುವ ಎರಡು ಕಡ್ಡಿಗಳನ್ನು ಊರುಗೋಲಿನ ಹಾಗೆ ಹಿಡಿದು, ಮೊಣಕಾಲು ಬಗ್ಗಿಸಿ, ಮುಂಗಾಲು ಒಳಕ್ಕೂ ಹಿಮ್ಮಡಿ ಆಚೆಗೂ ಮಾಡಿಕೊಂಡು ನಿಂತಿದ್ದಳು. ಹಸು ಮೇವು ಬಿಟ್ಟು ಅವಳನ್ನೇ ನೋಡುತ್ತಿತ್ತು.

"ಇಂಗೆ ಕಾಲಿಟ್ರೆ ನಿಂತ್ಕತದಂತೆ. ನೇಗ್ಲು ಒತ್ತಿ ಇಡ್ದಂಗೆ," ಎಂದಳು. "ಎಲ್ರೂ ಜಾರೋದ ಮೊದ್ಲು ಕಲೀತಾರೆ. ನಾನು ನಿಲ್ಲೋದ ಮೊದ್ಲು ಕಲ್ತ್ಕಂಡೆ."

ಉಳಿದದ್ದು ಮಾವನ ಒಪ್ಪಿಗೆ ಒಂದೇ.

ಅತ್ತೆ ದೊಡ್ಡ ವಿಷಯವನ್ನು ಮಾವನ ಮುಂದೆ ತಾನೇ ಮೊದಲು ಎತ್ತುತ್ತಿರಲಿಲ್ಲ. ಮೊದಲ ಮಾತು ತವರಿನವರ ಬಾಯಲ್ಲಿ ಹೋಗಬೇಕು. ಆ ಮನೆಯ ರೂಢಿ ಅದು. ಹಿಂದೆ ನಮ್ಮ ತಾತ ಹೋಗುತ್ತಿದ್ದರಂತೆ, ಆಮೇಲೆ ಅಪ್ಪ. ಅಪ್ಪನಿಗೆ ಮಂಡಿ ಹಿಡಿದ ಮೇಲೆ ಆ ಪದವಿ ನನ್ನ ತಲೆಗೆ ಬಂತು. "ಒಸಿ ಮರ್ಯಾದಿಯಿಂದ ಕೇಳು. ನಗ್ಬ್ಯಾಡ. ಯಾರ ದನೀನೂ ಮಾಡ್ಬ್ಯಾಡ," ಎಂದು ಹೇಳಿ ಕಳಿಸಿದಳು. ಮುಡಿಯಲ್ಲಿ ಹೊಸದಾಗಿ ಕಾಕಡ ಹೂವಿತ್ತು.

ಸೆಪ್ಟೆಂಬರಿನ ಮಧ್ಯಾಹ್ನ. ಮಾವ ಬ್ಯಾರನ್ನಿನ ಮುಂದೆ ಕೂತಿದ್ದರು. ಹೊಗೆಸೊಪ್ಪು ಬೇಯಿಸುವ ಆ ಎತ್ತರದ ಮನೆಯೊಳಗೆ ಸೊಪ್ಪು ನೇತುಹಾಕಿ ಐದಾರು ದಿನ ಬೆಂಕಿ ಕಾಯಬೇಕು; ಕಾವು ಒಂದಿಷ್ಟು ತಪ್ಪಿದರೆ ಹಳದಿಯಾಗಬೇಕಾದ್ದು ಕಪ್ಪಾಗುತ್ತದೆ. ಆ ಸಲ ತಪ್ಪಿತ್ತು. ಮಾವ ಕಿಂಡಿಯ ಗಾಜಿಗೆ ಕಣ್ಣಿಟ್ಟು ನೋಡುತ್ತಿದ್ದರು. ನಿದ್ದೆಯಿಲ್ಲದ ಕಣ್ಣು, ಮೈಯೆಲ್ಲ ಬೂದಿ. ತಿರುಗಿ, "ಏನ್ಲಾ?" ಎಂದರು.

"ಏನಿಲ್ಲ ಮಾವ. ಸುಮ್ನೆ ಬಂದೆ."

"ಮಡಕೇಲಿ ಮಜ್ಗೆ ಐತೆ. ಕುಡ್ಕೋ."

ಕುಡಿದೆ. ಇನ್ನೊಂದು ದಿನ ಕೇಳಿದರಾಯಿತು ಎಂದುಕೊಂಡು ಹೊರಟೆ. ದಾರಿಯಲ್ಲಿ ನನ್ನ ಬುದ್ಧಿ ಕೆಲಸ ಮಾಡಿತು. ಅದು ಕೆಲಸ ಮಾಡದೆ ಇದ್ದಿದ್ದರೆ ಚೆನ್ನಾಗಿತ್ತು. ಕೇಳಿದರೂ ಇವರು ಏನನ್ನುತ್ತಾರೆ ಎಂದು ನನಗೆ ಗೊತ್ತಿಲ್ಲವೇ? ಇಪ್ಪತ್ತು ವರ್ಷದಿಂದ ಇವರನ್ನು ಆಡಿಕೊಂಡು ಬಂದವನು ನಾನು. ಅವರಿಗಿಂತ ಚೆನ್ನಾಗಿ ಅವರ ಉತ್ತರ ನನಗೆ ಬರುತ್ತದೆ.

ಜಗಲಿಯಲ್ಲಿ ಅತ್ತೆಯೂ ಮಗಳೂ ಕಾಯುತ್ತಿದ್ದರು. ಯಾರೂ ಬಾಯಿ ಬಿಡುವ ಮೊದಲೇ ನಾನು ಮಾವನ ಹಾಗೆ ಎರಡು ಸಲ ಕೆಮ್ಮಿದೆ. ಎಡ ಹೆಗಲಿನಿಂದ ಇಲ್ಲದ ಟವೆಲ್ಲನ್ನು ತೆಗೆದು ಬಲ ಹೆಗಲಿಗೆ ಹಾಕಿಕೊಂಡೆ. ಆಕಾಶ ನೋಡಿದೆ. "ಬುಡು ಬುಡು. ಐಸ್ ನೋಡಕ್ಕೆ ಯೂರೋಪ್ಗೆ ಯಾಕ್ಲಾ ಓಗ್ಬೇಕು? ಉಣ್ಸೂರ್ ಸಂತೇಲಿ ಮೀನ್ನವ್ರ ತಾವ ಐತಲ್ಲ, ಓಗಿ ನೋಡ್ಕಂಡ್ ಬರಕ್ಕೇಳು."

ಮಗಳು ಬಿದ್ದು ಬಿದ್ದು ನಕ್ಕಳು. ಅತ್ತೆಯೂ ನಕ್ಕಳು. ಜನ ನಗುತ್ತಿರುವಾಗ ವೇದಿಕೆಯಿಂದ ಇಳಿಯಲು ನನಗೆ ಬರುವುದಿಲ್ಲ. ಆಟಕ್ಕೊಂದು ಮುಕ್ತಾಯ ಬೇಕೆನ್ನಿಸಿ, ಟವೆಲ್ಲು ಕೊಡವಿ, ಇನ್ನೊಂದು ಸೇರಿಸಿದೆ: "ಈ ಮಾತ ಇನ್ನೊಂದ್ಸಲ ನನ್ನ ಕಿವಿಗಾಕ್ಬ್ಯಾಡ ಅಂತ ನಿಮ್ಮತ್ತೆಗೂ ಏಳ್ಬುಡು."

ಅತ್ತೆಯ ನಗು ಮುಖದ ಮೇಲೆ ಇನ್ನೂ ಇತ್ತು, ಆದರೆ ಅದರ ಕೆಳಗೆ ಯಾರೂ ಇರಲಿಲ್ಲ. "ಅಂಗಂದ್ರಾ," ಎಂದಳು. ಹಸುವಿಗೆ ನೀರು ಕುಡಿಸುವ ಹೊತ್ತಾಯಿತೆಂದು ಎದ್ದುಹೋದಳು. ಸುಳ್ಳು ಎಂದು ಆಗಲೇ ಹೇಳಬಹುದಿತ್ತು. ನಾಳೆ ನಿಜವಾಗಿ ಕೇಳಿ ಸರಿಮಾಡಿದರಾಯಿತು ಎಂದುಕೊಂಡೆ. ಆ ನಾಳೆ ಸೊಪ್ಪಿನ ಕೆಲಸದಲ್ಲಿ, ಮದುವೆಯ ಸೀಸನ್ನಿನಲ್ಲಿ ದಿನದಿಂದ ದಿನಕ್ಕೆ ಮುಂದೆ ಹೋಯಿತು. ಅತ್ತೆ ಮತ್ತೆ ಕೇಳಲಿಲ್ಲ. ಪುಸ್ತಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಆ ಡಿಸೆಂಬರಿನಲ್ಲಿ ಉಣ್ಣೆಯ ಕೈಗವಸು ತೊಟ್ಟುಕೊಂಡು ಅವಳು ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುವುದನ್ನು ಕಂಡೆ. "ಕೈ ಉರಿಯಕಿಲ್ಲ ಕಣ್ಲಾ, ಒಳ್ಳೇದಾಯ್ತು," ಎಂದಳು. ನಾನು ಅದಕ್ಕೂ ಏನೋ ಒಂದು ತಮಾಷೆ ಮಾಡಿದೆ.

ಮುಂದಿನ ವರ್ಷ ಸೊಪ್ಪು ಮುರಿಯುವ ಕಾಲಕ್ಕೆ ಅವಳಿಗೆ ಹೊಟ್ಟೆನೋವು ಶುರುವಾಯಿತು. ವಿಂಗಡಿಸುವುದು ಮುಗಿಯಲಿ ಎಂದು ಯಾರಿಗೂ ಹೇಳದೆ ಸಹಿಸಿಕೊಂಡಳು. ಮೈಸೂರಿಗೆ ಕರೆದುಕೊಂಡು ಹೋಗುವ ಹೊತ್ತಿಗೆ ಡಾಕ್ಟರರು ನಮ್ಮ ಮುಖ ನೋಡದೆ ಮಾತಾಡುವಷ್ಟು ಬೆಳೆದಿತ್ತು ಅದು. ಒಂದು ಮಧ್ಯಾಹ್ನ ವಾರ್ಡಿನಲ್ಲಿ ನಾವಿಬ್ಬರೇ ಇದ್ದೆವು. ಹೇಳಿಬಿಡೋಣ ಎಂದು ಗಂಟಲು ಸರಿಮಾಡಿಕೊಂಡೆ. ಅವಳು ಕಣ್ಣು ಬಿಡದೆಯೇ, "ಯಾರ ದನಿ ಮಾಡ್ತೀಯ ಇವತ್ತು?" ಎಂದಳು.

"ಯಾರ್ದು ಬೇಕತ್ತೆ?"

"ನಿಂದೇ ಮಾಡು. ಒಂದ್ಸಲಾನೂ ಕೇಳಿಲ್ಲ."

ಅದೊಂದು ನನಗೆ ಬರುತ್ತಿರಲಿಲ್ಲ. ರೌಂಡ್ಸಿಗೆ ಬರುವ ಡಾಕ್ಟರರನ್ನು ಆಡಿದೆ. ಅವಳು ಪಾಪ, ನಕ್ಕಳು. ಅದಾಗಿ ಹನ್ನೆರಡು ದಿನಕ್ಕೆ ತೀರಿಕೊಂಡಳು.

ಹನ್ನೊಂದನೇ ದಿನದ ತಿಥಿಗೆ ಕ್ಯಾಂಪಿನ ಅಜ್ಜಿ ಆಟೋ ಮಾಡಿಕೊಂಡು ಬಂದಳು. ಮಾವನ ಕೈ ಹಿಡಿದುಕೊಂಡಳು. ಆಮೇಲೆ ತನ್ನ ಬಿಡಿಬಿಡಿ ಕನ್ನಡದಲ್ಲಿ, "ಐಸ್ ಮೇಲೆ ನಿಮ್ಮನೆ ಅಮ್ಮ ಬಿದ್ದಿಲ್ಲ. ಒಂದು ಸಾರಿನೂ ಬಿದ್ದಿಲ್ಲ ಅಂತ ನನಗೆ ಹೇಳಿದ್ಳು. ನಾನು ನಗಾಡಿದೆ. ಐಸ್ ಮೇಲೆ ಎಲ್ಲಾರೂ ಬೀಳ್ತಾರೆ," ಎಂದಳು.

ಮಾವನಿಗೆ ಒಂದೂ ಅರ್ಥವಾಗಲಿಲ್ಲ. ನನಗೆ ಆಯಿತು. ನಾವು ಹೋಗಬೇಕಿದ್ದ ಆ ಫೆಬ್ರವರಿಯಲ್ಲಿ ಅತ್ತೆ ಹತ್ತು ದಿನ ಮಂಡಿನೋವು ಎಂದು ಮೊಪೆಡ್ ಮುಟ್ಟಿರಲಿಲ್ಲ. ಹಾಲನ್ನೆಲ್ಲ ಊರಿನ ಡೈರಿಗೇ ಹಾಕಿಸಿದ್ದಳು. ಟೋಪಿ ಹೆಣೆದುಕೊಟ್ಟವಳ ಮನಸ್ಸು ನೋಯಬಾರದೆಂದು ಮನೆಯೊಳಗೇ ಕೂತು ಯುರೋಪು ಮುಗಿಸಿ ಬಂದಿದ್ದಳು. ಹನ್ನೊಂದನೇ ದಿನ ಹೋಗಿ ಅಜ್ಜಿಗೆ ಹಿಮದ ಕಥೆ ಹೇಳಿದ್ದಳು.

ಮಾರನೇ ದಿನ ಬೆಳಿಗ್ಗೆ ಮಾವ ನನ್ನನ್ನು ಬ್ಯಾರನ್ನಿನ ಹತ್ತಿರ ಕರೆದರು. ಆ ವರ್ಷದ ಬೆಂಕಿ ಆರಿ ಹಲವು ದಿನವಾಗಿತ್ತು. "ಏನ್ಲಾ ಅದು ಐಸು?" ಎಂದರು. ಎಲ್ಲ ಹೇಳಿದೆ: ಪುಸ್ತಿಕೆ, ಹುರಿಹಿಟ್ಟು, ಕಣದಲ್ಲಿ ಕಡ್ಡಿ ಹಿಡಿದು ನಿಂತದ್ದು, ಅತ್ತೆ ನನ್ನನ್ನು ಕಳಿಸಿದ್ದು, ನಾನು ಮಜ್ಜಿಗೆ ಕುಡಿದು ಹೋದದ್ದು.

"ಓಗಿ ಏನಂದೆ?"

"ನಿಮ್ಮ ಥರ ಮಾತಾಡ್ದೆ ಮಾವ."

"ಎಂಗೆ? ಆಡು."

"ಬ್ಯಾಡ ಮಾವ."

"ಆಡ್ಲಾ. ಅವಳು ಏನ್ ಕೇಳುಸ್ಕಂಡ್ಲು ಅಂತ ನಾನೂ ಕೇಳ್ಬೇಕು."

ಎರಡು ಸಲ ಕೆಮ್ಮಿದೆ. ಟವೆಲ್ಲನ್ನು ಹೆಗಲಿಂದ ಹೆಗಲಿಗೆ ಹಾಕಿದೆ. ಮೀನಿನವರ ಐಸಿನ ಮಾತನ್ನೂ, ಇನ್ನೊಂದ್ಸಲ ಕಿವಿಗಾಕ್ಬ್ಯಾಡ ಎಂಬುದನ್ನೂ, ಒಂದಕ್ಷರ ಬಿಡದೆ ಆಡಿದೆ. ದನಿ ಎಲ್ಲೂ ತಪ್ಪಲಿಲ್ಲ. ಎದುರಿಗಿದ್ದವರೂ ನಾನೂ ಒಂದೇ ದನಿಯವರಾಗಿ ನಿಂತಿದ್ದೆವು, ಮತ್ತು ಯಾರೂ ನಗಲಿಲ್ಲ. "ಕೇಳಿದ್ದಿದ್ರೂ ನೀವು ಬ್ಯಾಡ ಅಂತಿದ್ರಿ ಅಲ್ವಾ ಮಾವ," ಎಂದೆ. ಅದು ನನ್ನದೇ ದನಿ ಇರಬೇಕು, ಬಹಳ ಸಣ್ಣದಾಗಿತ್ತು.

ಮಾವ ಕೆಮ್ಮಲಿಲ್ಲ. ಟವೆಲ್ಲು ಮುಟ್ಟಲಿಲ್ಲ.

"ಅಂತಿದ್ದೆ. ಅದ ಸರಿಯಾಗೇ ಆಡಿದ್ದೀಯ. ಬೋರ್ ಕೊರ್ಸಕ್ಕೂ ಬ್ಯಾಡ ಅಂದಿದ್ದೆ, ಮಗೀನ ಕಾಲೇಜ್ಗ್ ಕಳ್ಸಕ್ಕೂ ಬ್ಯಾಡ ಅಂದಿದ್ದೆ. ನಿಮ್ಗೆಲ್ಲ ಬಡ್ಸಿ, ನನ್ನೊಬ್ಬನ್ ಮುಂದೆ ತನ್ ತಟ್ಟೆ ಇಟ್ಕಂಡು ಒಂದ್ ತುತ್ತೂ ಉಣ್ದೆ ಎಲ್ಡು ದಿನ ಕೂರೋಳು. ಮೂರ್ನೇ ದಿನ ಊಂ ಅಂತಿದ್ದೆ. ಈ ಮನೇಲಿ ಆಗಿರೋದೆಲ್ಲ ಅಂಗೇ ಕಣ್ಲಾ ಆಗಿರೋದು. ನನ್ನ ಮಾತ ಕದ್ದೆ, ಕದ್ಕೋ. ಅವಳ ಆ ಎಲ್ಡು ದಿನ ಯಾಕ್ಲಾ ಕಿತ್ಕಂಡೆ?"